ಪಾಳು ಮನೆಗೆ ಎಷ್ಟು ಜನ ಯಜಮಾನರು?

ಕೊಡಗಿಗೆ ಬರುವ ಪ್ರವಾಸಿಗರ ಪ್ರಶ್ನೆಗಳು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತವೆ. ಮೊದಲು ಅಬ್ಬಿ ಫಾಲ್ಸ್‌ಗೆ ದಾರಿ ಕೇಳುತ್ತಿದ್ದರು. ಆಮೇಲೆ ಒಳ್ಳೆ ಹೋಮ್‌ಸ್ಟೇ ಯಾವುದು, ಒಳ್ಳೆ ಪಂದಿಕರಿ ಎಲ್ಲಿ ಸಿಗುತ್ತೆ ಅಂತ ಕೇಳತೊಡಗಿದರು. ಈಚೆಗೆ ಇನ್ನೊಂದು ಸೇರಿಕೊಂಡಿದೆ: "ಇಲ್ಲೆಲ್ಲಾದ್ರೂ ಪಾಳು ಬಂಗಲೆ ಇದ್ಯಾ?" ಕೇಳುವವರು ಹೆಚ್ಚಾಗಿ ಹುಡುಗರು. ಕೈಯಲ್ಲಿ ಕ್ಯಾಮೆರಾ, ತಲೆಗೆ ಕಟ್ಟಿಕೊಳ್ಳುವ ಟಾರ್ಚು. ಅವರು ಮಾಡುವ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಎಲ್ಲದರಲ್ಲೂ ಕಥೆ ಒಂದೇ. ಒಬ್ಬ ಬಿಳಿ ದೊರೆ, ಅವನ ಹೆಂಡತಿ, ಹಿತ್ತಲಲ್ಲೊಂದು ಬಾವಿ, ಒಂದು ಸಾವು. ಅಂದಿನಿಂದ ಆ ಮನೆಗೆ ಯಾರೂ ಕಾಲಿಟ್ಟಿಲ್ಲ ಅಂತ ಹಿನ್ನೆಲೆಯ ದನಿ ನಡುಗುತ್ತಾ ಹೇಳುತ್ತೆ. ಅದೇ ಹೊತ್ತಿಗೆ ಆ ಮನೆಯ ನಿಜವಾದ ಯಜಮಾನ ಗೋಣಿಕೊಪ್ಪದ ಸಂತೆಯಲ್ಲಿ ಒಣಮೀನಿಗೆ ಚೌಕಾಸಿ ಮಾಡುತ್ತಾ ನಿಂತಿರುತ್ತಾನೆ.

ತಮಾಷೆಗೆ ಹೇಳುತ್ತಿಲ್ಲ. ನಾಪೋಕ್ಲು, ಕಕ್ಕಬ್ಬೆ ಕಡೆ ಬೆಳೆದ ನನಗೆ ಬಾಗಿಲು ಹಾಕಿದ ದೊಡ್ಡ ಮನೆಗಳು ಹೊಸದಲ್ಲ. ನಮ್ಮಪ್ಪನ ಜೀನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ಆ ಮನೆಯವರೆಲ್ಲರ ಹೆಸರೂ ಇತ್ತು. ಅವುಗಳಲ್ಲಿ ವಾರಸುದಾರರೇ ಇಲ್ಲದ ಮನೆ ಒಂದೂ ನನಗೆ ನೆನಪಿಗೆ ಬರುವುದಿಲ್ಲ. ಎಲ್ಲದಕ್ಕೂ ಜನ ಇದ್ದಾರೆ. ಕೆಲವಕ್ಕೆ ಇಬ್ಬರು, ಕೆಲವಕ್ಕೆ ನಲವತ್ತು, ಇನ್ನು ಕೆಲವಕ್ಕೆ ನೂರರ ಮೇಲೆ. ಹಾಗಿದ್ದರೆ ಮನೆ ಯಾಕೆ ಬೀಳುತ್ತೆ? ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ. ಹೋದ ವರ್ಷ ಬೆಂಗಳೂರಿಂದ ಬಂದ ಅಕ್ಕನ ಮಗ "ಮಾವ, ಒಂದು ಹಾಂಟೆಡ್ ಮನೆ ತೋರ್ಸು" ಅಂತ ಗಂಟುಬಿದ್ದಾಗ ಅದು ಮತ್ತೆ ಎದ್ದು ಕೂತಿತು. ಅಂಥ ಮನೆ ನನಗೆ ಗೊತ್ತಿರಲಿಲ್ಲ. ಗೆಳೆಯನೊಬ್ಬನ ಐನ್‌ಮನೆ, ಅಂದರೆ ಕುಲದವರೆಲ್ಲರ ಹಳೆ ಮೂಲಮನೆ, ಗೊತ್ತಿತ್ತು. ಅವನನ್ನು ಕೇಳಿದೆ. "ಬನ್ನಿ, ಹೆಂಗೂ ಬೀಗ ತೆಗ್ದು ಒಂದ್ಸಲ ನೋಡ್ಬೇಕಿತ್ತು" ಅಂದ.

ಓಣಿಯಿಂದ ಒಳಗೆ

ಹಳೆ ಐನ್‌ಮನೆಗಳಿಗೆ ನೇರವಾಗಿ ಕಾರು ಹೋಗುವುದಿಲ್ಲ. ಓಣಿ ಇರುತ್ತೆ. ಎರಡೂ ಕಡೆ ಎತ್ತರದ ಮಣ್ಣಿನ ದಿಬ್ಬ, ನಡುವೆ ಇಬ್ಬರು ಒಟ್ಟಿಗೆ ನಡೆಯುವಷ್ಟು ಜಾಗ. ಮಳೆಗಾಲ ಆಗಷ್ಟೇ ಮುಗಿದಿದ್ದರಿಂದ ದಿಬ್ಬದ ತುಂಬ ಜರಿಗಿಡ, ಪಾಚಿ, ಇಂಬಳ. ಹುಡುಗ ಎರಡು ಹೆಜ್ಜೆಗೊಮ್ಮೆ ಬಗ್ಗಿ ಕಾಲು ನೋಡಿಕೊಳ್ಳುತ್ತಿದ್ದ. ಓಣಿ ಮುಗಿದಲ್ಲಿ ಒಂದು ತಿರುವು, ಆಮೇಲೆ ಅಂಗಳ, ಅಂಗಳದಾಚೆ ಮೆಟ್ಟಿಲು ಹತ್ತಿದರೆ ಮನೆ. ಕೆಳಗೆ ಗದ್ದೆ. ಗದ್ದೆ ಅಂದರೆ ಈಗ ಹುಲ್ಲು.

ಮೆಟ್ಟಿಲು ಹತ್ತಿದ ಕೂಡಲೇ ಕಯ್ಯಾಲೆ, ಅಂದರೆ ಮುಂದಿನ ಜಗಲಿ. ದಪ್ಪ ಮರದ ಕಂಬಗಳು ಕೆಳಗೆ ಅಗಲ, ಮೇಲೆ ಸಪೂರ. ಕಂಬ ಕಂಬದ ನಡುವಿನ ಅರೆಗೋಡೆ ಮೇಲೆ ಅಯಿಮರ. ಒಂದೇ ಮರದಿಂದ ಸೀಳಿದ ಉದ್ದನೆ ಹಲಗೆ ಅದು, ಹಿರಿಯರು ಬಂದರೆ ಕಿರಿಯರು ಎದ್ದು ಜಾಗ ಬಿಡುವ ಜಾಗ. ನೂರಾರು ವರ್ಷ ಜನ ಕೂತು ಕೂತು ಅದರ ಅಂಚು ನುಣ್ಣಗಾಗಿದೆ. ಹುಡುಗ ಸೀದಾ ಹೋಗಿ ಅದರ ಮೇಲೆ ಬ್ಯಾಗ್ ಇಟ್ಟ. ಗೆಳೆಯ ಏನೂ ಹೇಳದೆ ಬ್ಯಾಗ್ ಎತ್ತಿ ನೆಲದ ಮೇಲಿಟ್ಟ.

ಬಾಗಿಲು ಗಿಡ್ಡ. ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಒಳಗೆ ನಾಲ್ಕು ಕಂಬದ ನಡುಮುಟ್ಟ, ಮೇಲೆ ಆಕಾಶ. ಮಾಡಿನ ನಾಲ್ಕೂ ಕಡೆ ನೀರು ಅಲ್ಲಿಗೇ ಬಿದ್ದು ಕಲ್ಲಿನ ಕಿಂಡಿಯಲ್ಲಿ ಹೊರಗೆ ಹೋಗಬೇಕು. ಕಿಂಡಿ ಕಟ್ಟಿಕೊಂಡು ನಡುಮುಟ್ಟದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು, ಅದರಲ್ಲಿ ಗೊದಮೊಟ್ಟೆ. ಅದರಾಚೆ ನೆಲ್ಲಕ್ಕಿ ನಡುಬಾಡೆ, ಮನೆಯ ನಡುಕೋಣೆ. ತೂಕುಬೊಳಕು ನೇತುಹಾಕುವ ಸರಪಳಿ ಮಾತ್ರ ಇತ್ತು. ದೀಪವನ್ನು ಬಲ್ಯಪ್ಪ, ಅಂದರೆ ಗೆಳೆಯನ ದೊಡ್ಡಪ್ಪ, ಕಳ್ಳರ ಭಯಕ್ಕೆ ತಮ್ಮ ಎಸ್ಟೇಟ್ ಮನೆಗೆ ಕೊಂಡುಹೋಗಿದ್ದಾರಂತೆ. ಗೋಡೆ ಮೇಲೆ ಫೋಟೋಗಳಿದ್ದ ಜಾಗ ಚೌಕಚೌಕವಾಗಿ ಬೆಳ್ಳಗೆ ಉಳಿದಿತ್ತು. ಮೊಳೆಯಲ್ಲಿ ಒಂದು ಗೊಬ್ಬರದ ಅಂಗಡಿ ಕ್ಯಾಲೆಂಡರು, 1997ರದ್ದು.

ಹುಡುಗ ಎಲ್ಲವನ್ನೂ ಚಿತ್ರೀಕರಿಸುತ್ತಾ ಬಂದವನು ಮೂಲೆಯ ಸಣ್ಣ ಕತ್ತಲೆ ಕೋಣೆ ಹತ್ತಿರ ನಿಂತ. "ಇದು?" "ಕನ್ನಿಕೊಂಬರೆ. ತೀರಿಹೋದ ಹಿರಿಯರದ್ದು" ಅಂದ ಗೆಳೆಯ. ಹುಡುಗನ ಕಣ್ಣು ಅರಳಿತು. ಕೊನೆಗೂ ಸಿಕ್ಕಿತಲ್ಲ! "ಇಲ್ಲಿ ಅವರು... ಓಡಾಡ್ತಾರಾ?" "ಓಡಾಡ್ಲಿ ಅಂತಾನೇ ಅಲ್ವಾ ವರ್ಷಕ್ಕೊಂದ್ಸಲ ಕರ್ದು ಊಟ ಹಾಕೋದು. ಕೋಳಿ, ಹಂದಿ, ಕುಡಿಯೋಕೆ ಒಂದಿಷ್ಟು." ಹುಡುಗನ ಮುಖ ನೋಡಬೇಕಿತ್ತು. ಬೇರೆ ಕಡೆ ಮನೆಯೊಳಗೆ ಸತ್ತವರಿದ್ದಾರೆ ಅಂದರೆ ಮನೆ ಬಿಟ್ಟು ಓಡುತ್ತಾರೆ. ಐನ್‌ಮನೆಯಲ್ಲಿ ಅವರಿಗೆ ಕೋಣೆಯೇ ಇದೆ. ಕಾರಣರಿಗೆ ಕೊಡುವ ದಿನ ಎಲೆ ಹಾಕಿ ಬಡಿಸುತ್ತಾರೆ, ಮನೆ ಸುದ್ದಿ ಹೇಳುತ್ತಾರೆ, ಆಶೀರ್ವಾದ ಬೇಡುತ್ತಾರೆ. ಅಜ್ಜನ ಮೇಲೆ ಯಾರಾದರೂ ದೆವ್ವದ ವಿಡಿಯೋ ಮಾಡುತ್ತಾರಾ?

ಅಟ್ಟದ ಮೇಲೆ ಏನೋ ದಡಬಡ ಓಡಿತು. ಅದೂ ರೆಕಾರ್ಡ್ ಆಯಿತು. ಏಣಿ ಹತ್ತಿ ನೋಡಿದರೆ ಹಲಗೆ ತುಂಬ ಪುನುಗಿನ ಹಿಕ್ಕೆ, ಅದರೊಳಗೆ ಇಡಿಇಡಿ ಕಾಫಿ ಬೀಜ. ಪೇಟೆಯಲ್ಲಿ ಇದಕ್ಕೆ ಭಾರಿ ರೇಟು ಅಂತ ಗೆಳೆಯ ನಕ್ಕ.

ನನಗೆ ಮುಖ್ಯವಾದದ್ದು ಸಿಕ್ಕಿದ್ದು ಅಡುಗೆಮನೆಯಲ್ಲಿ. ಮುಂದಿನ ಕೋಣೆಯ ಮಾಡಿನಿಂದ ಬಿದ್ದ ಒಂದು ರೀಪನ್ನು ದಾರಿಯಲ್ಲಿ ಎತ್ತಿಕೊಂಡಿದ್ದೆ. ಹೆಬ್ಬೆರಳಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಒಳಗೆಲ್ಲ ಗೆದ್ದಲು ತಿಂದ ಬಿಲ. ಅಡುಗೆಮನೆಗೆ ಬಂದರೆ ಒಲೆಯ ಮೇಲಿನ ತೊಲೆ, ಪಕಾಸಿ, ರೀಪು ಎಲ್ಲ ಕಾಡಿಗೆ ಬಳಿದಷ್ಟು ಕಪ್ಪು. ಮಾಂಸ ಹೊಗೆಗೆ ಒಣಹಾಕುತ್ತಿದ್ದ ಕೊಕ್ಕೆಗಳು ಇನ್ನೂ ನೇತಾಡುತ್ತಿದ್ದವು. ಚೂರಿ ತುದಿಯಿಂದ ಆ ರೀಪನ್ನು ಕೆರೆದೆ. ಮಸಿ ಎದ್ದು ಬಂತು, ಮರಕ್ಕೆ ಗೀರೂ ಬೀಳಲಿಲ್ಲ. ಎರಡೂ ಒಂದೇ ಕಾಲದ ಮರ, ಒಂದೇ ಮಾಡಿನವು. ಒಂದಕ್ಕೆ ತಲೆಮಾರುಗಟ್ಟಲೆ ದಿನವೂ ಹೊಗೆ ಹತ್ತಿತ್ತು, ಇನ್ನೊಂದಕ್ಕೆ ಇಲ್ಲ. ಒಲೆ ಹೊತ್ತಿಸದೆ ವರ್ಷಗಳಾದರೂ ಹಳೆ ಹೊಗೆ ಇನ್ನೂ ಕಾವಲು ಕಾಯುತ್ತಿತ್ತು. ಮೂಲೆಯಲ್ಲಿ ಒಂದು ಭರಣಿ. ಮುಚ್ಚಳ ತೆಗೆದರೆ ತಳದಲ್ಲಿ ಟಾರಿನಂತೆ ಗಟ್ಟಿಯಾದ ಕಾಚಂಪುಳಿ, ಪಂದಿಕರಿಗೆ ಹಾಕುವ ಕಪ್ಪು ಹುಳಿ. ಮೂಗಿಗೆ ಹತ್ತಿರ ತಂದ ಕೂಡಲೇ ಬಾಯಲ್ಲಿ ನೀರೂರಿತು. ಗೆಳೆಯ ಬೆರಳಿಂದ ಸ್ವಲ್ಪ ಕೆರೆದು ನೆಕ್ಕಿದ. "ಅಜ್ಜಿದು" ಅಂದ. ಎಷ್ಟು ಹಳೇದು ಅಂತ ನಾನು ಕೇಳಲಿಲ್ಲ, ಅವನಿಗೆ ಹೊಟ್ಟೆ ಕೆಟ್ಟ ಸುದ್ದಿಯೂ ಆಮೇಲೆ ಬರಲಿಲ್ಲ.

ಒಂದು ಹೆಂಚು ಜಾರಿದರೆ

ಮನೆ ಬೀಳುವುದಕ್ಕೆ ಶಾಪ ಬೇಕಿಲ್ಲ. ಜೂನ್ ಗಾಳಿಗೆ ಒಂದು ಹೆಂಚು ಜಾರಿದರೆ ಸಾಕು. ಈ ಭಾಗದ ಮಳೆ ಗೊತ್ತಲ್ಲ. ಇಲ್ಲಿ ಈಗಲೂ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುತ್ತೇವೆ, ನೂರು ಸೆಂಟಿಗೆ ಒಂದು ಇಂಚು. "ನಿಮ್ಮಲ್ಲಿ ನಿನ್ನೆ ಎಷ್ಟು?" ಅನ್ನುವುದು ಆಟಿ ತಿಂಗಳ ಕುಶಲೋಪರಿ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವುದು ದೊಡ್ಡ ಸುದ್ದಿಯಲ್ಲ. ಆ ನೀರು ಜಾರಿದ ಹೆಂಚಿನ ಸಂದಿಯಿಂದ ರೀಪಿಗೆ ಇಳಿಯುತ್ತೆ. ರೀಪು ಕೊಳೆತರೆ ಅದರ ಮೇಲಿನ ಸಾಲು ಹೆಂಚು ಒಟ್ಟಿಗೆ ಜಾರುತ್ತೆ. ಆಮೇಲೆ ನೀರು ಮಣ್ಣಿನ ಗೋಡೆಯ ತಲೆಗೆ ಬೀಳುತ್ತೆ. ಮಣ್ಣಿನ ಗೋಡೆಗೆ ಬದಿಯಿಂದ ಬರುವ ಎರಚಲು ತಡೆದುಕೊಳ್ಳುವ ಶಕ್ತಿ ಇದೆ, ತಲೆ ಮೇಲಿಂದ ಇಳಿಯುವ ನೀರಿಗೆ ಇಲ್ಲ. ಒಳಗಿಂದಲೇ ಕರಗಿ, ಒಂದು ದಿನ ಹೊಟ್ಟೆ ಉಬ್ಬಿಸಿ ಕೂತುಬಿಡುತ್ತೆ.

ಜನ ವಾಸ ಇರುವ ಮನೆಯಲ್ಲೂ ಹೆಂಚು ಜಾರುತ್ತೆ. ರಾತ್ರಿ ಹಾಸಿಗೆ ಮೇಲೆ ಟಪ್ ಅಂತ ಬಿದ್ದರೆ ಬೈದುಕೊಂಡು ಬಕೆಟ್ ಇಡುತ್ತೇವೆ, ಬೆಳಗ್ಗೆ ಏಣಿ ಹಾಕುತ್ತೇವೆ. ಅಷ್ಟೇ ವ್ಯತ್ಯಾಸ.

ಆಮೇಲೆ ನನಗೆ ಇನ್ನೊಂದು ಹೊಳೆಯಿತು. ಆ ಮನೆಯ ಒಂದೊಂದು ಭಾಗದಲ್ಲೂ ಕಾಫಿ ರೇಟು ಕಾಣುತ್ತೆ. ಮೊದಲು ಹುಲ್ಲಿನ ಮಾಡಿತ್ತು ಅಂತ ಬಲ್ಯಪ್ಪ ತಮ್ಮ ಅಜ್ಜನಿಂದ ಕೇಳಿದ್ದಾರೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟದ ಮೇಲಿನ ಊರುಗಳಿಗೂ ಹೆಂಚು ಬಂತು. ನಡುಬಾಡೆಯ ಕೆಂಪು ಸಿಮೆಂಟಿನ ನೆಲ ಯಾವುದೋ ಒಳ್ಳೆ ಫಸಲಿನ ವರ್ಷದ್ದು. ಹಿಂದೆ ಅಂಟಿಸಿದ ತಾರಸಿ ಬಚ್ಚಲುಮನೆ ತೊಂಬತ್ತರ ದಶಕದ ನಡುವಿನದ್ದು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋದಾಗ ಇಲ್ಲಿ ಬೆಲೆ ಏರಿತ್ತಲ್ಲ, ಆಗಿನ ದುಡ್ಡು. ಕೊಡಗಿನ ಎಷ್ಟೋ ಮನೆಗಳ ಟೈಲ್ಸು, ಎಷ್ಟೋ ಜಿಪ್ಸಿ ಗಾಡಿಗಳು ಬ್ರೆಜಿಲಿನ ಆ ಚಳಿಯ ಮಕ್ಕಳು. ಆಮೇಲೆ 2000ದ ಆಚೀಚೆ ಬೆಲೆ ಕುಸಿಯಿತು. ಆ ಮನೆಗೆ ಅದರ ನಂತರ ಒಂದು ಮೊಳೆಯನ್ನೂ ಹೊಡೆದ ಗುರುತಿಲ್ಲ.

ಅರಸ ಬಿಟ್ಟುಹೋದ ಮನೆ

ಮಧ್ಯಾಹ್ನ ಹುಡುಗನನ್ನು ನಾಲ್ಕುನಾಡು ಅರಮನೆಗೆ ಕರೆದುಕೊಂಡು ಹೋದೆ. ಯವಕಪಾಡಿಯಲ್ಲಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. ನಿಜವಾದ ಅರ್ಥದಲ್ಲಿ ಬಿಟ್ಟುಹೋದ ಮನೆ ಅಂದರೆ ನನಗೆ ಗೊತ್ತಿರುವುದು ಅದೊಂದೇ. ಅರಮನೆ ಅಂತ ಮೈಸೂರನ್ನು ನೆನೆಸಿಕೊಂಡು ಹೋದವರಿಗೆ ನಿರಾಸೆಯಾಗುತ್ತೆ. ಎರಡು ಅಂತಸ್ತಿನ, ಹೆಂಚಿನ ಮಾಡಿನ, ದೊಡ್ಡ ಐನ್‌ಮನೆಯಂಥದ್ದೇ ಕಟ್ಟಡ. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದ ದೊಡ್ಡವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದ. ನಾಲ್ಕು ವರ್ಷದ ನಂತರ, 1792ರಲ್ಲಿ, ಕಾಡಿನ ನಡುವೆ ಇದನ್ನು ಕಟ್ಟಿಸಲು ತೊಡಗಿದ. ಸೆರೆ ಕಂಡವನು ಮನೆ ಕಟ್ಟಿಸಿದರೆ ಹೇಗಿರುತ್ತೆ ಅಂತ ಅಲ್ಲಿ ನೋಡಬಹುದು. ಹಿಂದುಗಡೆ ಬೆಳಕೇ ಬಾರದ ಕೋಣೆಗಳು, ಇಕ್ಕಟ್ಟಿನ ದಾರಿಗಳು. ಮುಂದೆ ಮಾತ್ರ ಮದುವೆಗೆಂದು ಕಟ್ಟಿಸಿದ ಚಂದದ ಮಂಟಪ. ಅಲ್ಲಿ 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆಯಾದ.

1834ರಲ್ಲಿ ಕಂಪನಿ ಸೈನ್ಯ ಮಡಿಕೇರಿಗೆ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಇದ್ದದ್ದು ಇಲ್ಲೇ. ಇಲ್ಲಿಂದ ಹೋಗಿ ಶರಣಾದ. ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್ನಿಗೆ ಹೋದ. ಮಗಳಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಇಷ್ಟು ಎಲ್ಲರಿಗೂ ಗೊತ್ತು. ಅವನು ಲಂಡನ್ನಿಗೆ ಹೋದ ಇನ್ನೊಂದು ಕಾರಣದ ಬಗ್ಗೆ ಮಾತು ಕಡಿಮೆ. ದೊಡ್ಡವೀರರಾಜೇಂದ್ರ ಕಂಪನಿಯಲ್ಲಿ ಹೂಡಿದ್ದ ಹಣ ತನಗೆ ಸೇರಬೇಕು ಅಂತ ದಾವೆ ಹೂಡಲು ಹೋಗಿದ್ದ. ಅಲ್ಲಿ ಇನ್ನೂ ಹಿಂದಿನ ಜಗಳವಿದೆ. 1809ರಲ್ಲಿ ತೀರಿಹೋದ ದೊಡ್ಡವೀರರಾಜೇಂದ್ರನಿಗೆ ಗಂಡು ಮಕ್ಕಳಿರಲಿಲ್ಲ. ಮಗಳು ದೇವಮ್ಮಾಜಿಗೆ ರಾಜ್ಯ ಸಿಗಲಿ ಅಂತ ಬಯಸಿದ್ದ. ತಮ್ಮ ಲಿಂಗರಾಜೇಂದ್ರ ಎರಡೇ ವರ್ಷದಲ್ಲಿ ಅದನ್ನು ತನ್ನದು ಮಾಡಿಕೊಂಡ. ಅವನ ಮಗನೇ ಈ ಚಿಕ್ಕವೀರರಾಜೇಂದ್ರ. ಅಣ್ಣನ ಮಗಳ ಪಾಲು, ತಮ್ಮನ ಮಗನ ಪಾಲು! 1859ರಲ್ಲಿ ಲಂಡನ್ನಿನಲ್ಲೇ ತೀರಿಹೋದ, ದುಡ್ಡು ಕೈಗೆ ಬರಲಿಲ್ಲ. ನಾಪೋಕ್ಲುವಿನ ಯಾವ ಚಹಾ ಅಂಗಡಿಯಲ್ಲಿ ಕೂತರೂ ಇಂಥ ಆಸ್ತಿ ಕಥೆ ಒಂದು ಕಿವಿಗೆ ಬೀಳುತ್ತೆ, ಲಂಡನ್ ಬದಲು ವಿರಾಜಪೇಟೆ ಕೋರ್ಟು ಅಷ್ಟೆ.

ವಿಚಿತ್ರ ಏನು ಗೊತ್ತಾ? ವಾರಸುದಾರರೇ ಇಲ್ಲದ ಆ ಅರಮನೆ ನಿಂತಿದೆ. ಸರ್ಕಾರದ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಗೋಡೆ ಚಿತ್ರಗಳು ಮಾಸಿವೆ, ಪ್ರೇಮಿಗಳು ಹೆಸರು ಗೀಚಿದ್ದಾರೆ, ನಿಜ. ಆದರೂ ಮಾಡು ಇದೆ, ಕೀಲಿಕೈ ಹಿಡಿದ ಒಬ್ಬ ಮನುಷ್ಯ ಇದ್ದಾನೆ. ಮಡಿಕೇರಿ ಕೋಟೆಯ ಅರಮನೆಯೂ ಹಾಗೇ. 1812ರಿಂದ 1814ರವರೆಗೆ ಲಿಂಗರಾಜೇಂದ್ರ ಕಟ್ಟಿಸಿದ ಆ ಕಟ್ಟಡದಲ್ಲಿ ಹಲವು ದಶಕ ಜಿಲ್ಲಾಧಿಕಾರಿ ಕಚೇರಿ, ಕೋರ್ಟು ಇದ್ದವು. ಮಳೆಗಾಲದಲ್ಲಿ ಸೋರುವುದನ್ನು ಬೈಯದ ಗುಮಾಸ್ತ ಇರಲಿಲ್ಲ. ಫೈಲು ನೆನೆಯುತ್ತೆ ಅನ್ನುವ ಭಯಕ್ಕಾದರೂ ಯಾರೋ ಹೆಂಚು ತಿರುವಿಹಾಕಿಸಲೇಬೇಕಿತ್ತು. ನನಗಂತೂ ಆ ಅರಮನೆಯನ್ನು ಅಷ್ಟು ದಿನ ಉಳಿಸಿದ್ದು ಕಂದಾಯದ ಫೈಲುಗಳೇ ಅನ್ನಿಸುತ್ತೆ.

ಬಾಣೆಗೆ ಕಾಫಿ ಬಂದ ಮೇಲೆ

ಐನ್‌ಮನೆಗಳು ಖಾಲಿಯಾಗಿದ್ದು ಬೆಂಗಳೂರು, ಕೆನಡಾದಿಂದ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಮನೆ ಬಿಟ್ಟು ಹೊರಡುವುದು ಅದಕ್ಕೂ ಬಹಳ ಹಿಂದೆಯೇ ಶುರುವಾಗಿತ್ತು, ಅದೂ ಒಂದೆರಡು ಮೈಲಿ ದೂರಕ್ಕೆ. ಐನ್‌ಮನೆ ಇರುವುದು ಗದ್ದೆಯ ಪಕ್ಕ. ಯಾಕೆಂದರೆ ಬದುಕು ಭತ್ತದ ಮೇಲಿತ್ತು. ಮೇಲಿನ ಬಾಣೆ ಕಾಡು ಗದ್ದೆಗೆ ಸೊಪ್ಪು ತರುವುದಕ್ಕೆ, ಸೌದೆಗೆ, ದನ ಮೇಯಿಸುವುದಕ್ಕೆ. ಗದ್ದೆ ಕೆಲಸಕ್ಕೆ ಇಡೀ ಒಕ್ಕ, ಅಂದರೆ ಕುಲ, ಒಟ್ಟಿಗೆ ಬೇಕು. ಹಾಗಾಗಿ ಒಂದೇ ಮಾಡಿನಡಿ ಹತ್ತಾರು ಸಂಸಾರ, ಎಲ್ಲರ ಮೇಲೆ ಒಕ್ಕದ ಹಿರಿಯನಾದ ಪಟ್ಟೆದಾರ. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿ ಪಕ್ಕ ತೋಟ ಮಾಡಿದ ಮೇಲೆ ಕಾಫಿ ಹುಚ್ಚು ಹಬ್ಬಿತು. ಊರವರೂ ನೋಡಿದರು, ಸೊಪ್ಪಿಗೆಂದು ಬಿಟ್ಟಿದ್ದ ಬಾಣೆಯಲ್ಲೇ ಮರದ ನೆರಳಿಗೆ ಗಿಡ ಹಾಕಿದರು. ಕಾಫಿಯನ್ನು ಒಬ್ಬೊಬ್ಬರೇ ಮಾಡಬಹುದು, ನೋಡಿಕೊಳ್ಳಲು ಅದರ ಪಕ್ಕದಲ್ಲೇ ಇರಬೇಕು. ಅಣ್ಣ ಮೇಲಿನ ಬಾಣೆಯಲ್ಲಿ ಒಂದು ಮನೆ ಕಟ್ಟಿದ, ತಮ್ಮ ಆಚೆ ಗುಡ್ಡದಲ್ಲಿ. ಕಣ, ಪಲ್ಪರ್, ಗೋದಾಮು, ಲೈನ್ ಮನೆ ಎಲ್ಲ ಅಲ್ಲಲ್ಲೇ ಎದ್ದವು. ಬುಡದಲ್ಲಿದ್ದ ದೊಡ್ಡ ಮನೆಯಲ್ಲಿ ಉಳಿದದ್ದು ವಯಸ್ಸಾದವರು ಮತ್ತು ದೀಪ.

ಸಂಸಾರಗಳು ಚದುರಿದರೂ ಕಾಗದ ಚದುರಲಿಲ್ಲ. ಅದೇ ತಮಾಷೆ. ಜಮ್ಮಾ ಹಿಡುವಳಿ ಅರಸರ ಕಾಲದ್ದು, ಯುದ್ಧಕ್ಕೆ ಬರಬೇಕು ಅನ್ನುವ ಷರತ್ತಿನ ಮೇಲೆ ಕಡಿಮೆ ಕಂದಾಯಕ್ಕೆ ಕೊಟ್ಟದ್ದು. ಅದು ಒಕ್ಕದ್ದು, ಒಬ್ಬನದ್ದಲ್ಲ. ಬ್ರಿಟಿಷರು 1899ರ ಭೂಕಂದಾಯ ರೆಗ್ಯುಲೇಷನ್‌ನಲ್ಲೂ ಆ ಪದ್ಧತಿ ಮುಂದುವರಿಸಿದರು. ಈಗಲೂ ಎಷ್ಟೋ ಆರ್‌ಟಿಸಿ ತೆಗೆದರೆ ತೀರಿಹೋಗಿ ತಲೆಮಾರು ಕಳೆದ ಪಟ್ಟೆದಾರರ ಹೆಸರು ಬರುತ್ತೆ, ಕೆಳಗೆ ಉಳಿದವರ ಸಾಲು. ಗೆಳೆಯ ಮನೆ ರಿಪೇರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದ. ಮ್ಯಾನೇಜರ್ ಆರ್‌ಟಿಸಿ ನೋಡಿ, ಇವರೆಲ್ಲರ ಸಹಿ ತನ್ನಿ ಅಂದರಂತೆ. "ಅರ್ಧ ಜನರ ಸಹಿ ಕನ್ನಿಕೊಂಬರೆಯಲ್ಲಿ ಕೇಳ್ಬೇಕು ಸಾರ್" ಅಂದು ಬಂದಿದ್ದಾನೆ.

ಇದನ್ನು ಬರೀ ದೋಷ ಅಂತ ನಾನು ಒಪ್ಪುವುದಿಲ್ಲ. ಒಬ್ಬನೇ ಮಾರುವ ಹಾಗಿಲ್ಲ ಅನ್ನುವುದಕ್ಕೇ ಎಷ್ಟೋ ಜಮೀನು ಇನ್ನೂ ಊರವರ ಕೈಯಲ್ಲಿದೆ. ಒಬ್ಬರ ಹೆಸರಿಗೆ ಬಂದ ಹಳೆ ಮನೆಗಳಿಗೆ ಏನಾಯಿತು ಅಂತ ನೋಡಿದ್ದೇವಲ್ಲ. ಕೆತ್ತನೆ ಬಾಗಿಲು, ಕಂಬ, ಅಯಿಮರ ಎಲ್ಲ ಕಳಚಿ ಲಾರಿಗೆ ಏರಿಸಿ ಮಾರಿಬಿಡುತ್ತಾರೆ. ಅವು ಬೆಂಗಳೂರಿನ ಹೋಟೆಲಿಗೋ, ಇದೇ ಜಿಲ್ಲೆಯ ರೆಸಾರ್ಟಿನ ರಿಸೆಪ್ಷನ್ನಿಗೋ ಹೋಗುತ್ತವೆ. ಅಂಥ ಒಂದು ರಿಸೆಪ್ಷನ್ನಿನಲ್ಲಿ ಅಯಿಮರದ ಮೇಲೆ ಅತಿಥಿಗಳ ಚಪ್ಪಲಿ ಜೋಡಿಸಿಟ್ಟಿದ್ದನ್ನು ಕಂಡಾಗ ನನಗೇ ಸಂಕಟವಾಯಿತು, ನಾನು ಆ ಒಕ್ಕದವನೂ ಅಲ್ಲ. ನಲವತ್ತು ಯಜಮಾನರಿದ್ದರೆ ಮಾಡು ಬೀಳುತ್ತೆ, ಒಬ್ಬನೇ ಇದ್ದರೆ ಕಂಬ ಮಾರಾಟವಾಗುತ್ತೆ. ಎರಡರಲ್ಲಿ ಯಾವುದು ವಾಸಿ ಅಂತ ಕೇಳಿದರೆ ನಾನು ನಲವತ್ತರ ಕಡೆಯೇ. ಬಿದ್ದ ಮಾಡನ್ನು ಮತ್ತೆ ಹಾಕಬಹುದು.

ನಡುವೆ ಒಂದು ಮಾತು. 2018ರ ಆಗಸ್ಟಿನ ನಂತರ ಮಕ್ಕಂದೂರು, ಮಾದಾಪುರ ಕಡೆ ಖಾಲಿಯಾದ ಮನೆಗಳನ್ನೂ ಕೆಲವರು 'ಪಾಳು ಮನೆ' ಅಂತ ವಿಡಿಯೋ ಮಾಡುತ್ತಾರೆ. ದಯವಿಟ್ಟು ಬೇಡ. ಗುಡ್ಡ ಕುಸಿದು ರಾತ್ರೋರಾತ್ರಿ ಉಟ್ಟ ಬಟ್ಟೆಯಲ್ಲಿ ಹೊರಟವರ ಮನೆಗಳವು. ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಕಟ್ಟಿಕೊಟ್ಟ ಸಾಲುಮನೆಗಳಲ್ಲಿ ರಾತ್ರಿ ಮಲಗಿ, ಹಗಲು ಅದೇ ಹಳೆ ತೋಟಕ್ಕೆ ಕಾಫಿ ಕೊಯ್ಯಲು ಹೋಗುವವರಿದ್ದಾರೆ. ಅವರ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟುವುದಕ್ಕೆ ಏನಿದೆ?

ಹೆಂಚಾ, ಶೀಟಾ?

ಆ ವರ್ಷ ಪುತ್ತರಿಗೆ, ಅಂದರೆ ಹೊಸ ಭತ್ತದ ಕದಿರು ತರುವ ಹಬ್ಬಕ್ಕೆ, ಗೆಳೆಯ ನನ್ನನ್ನೂ ಕರೆದಿದ್ದ. ಅವತ್ತು ಅದೇ ಮನೆಯ ಗುರುತೇ ಹತ್ತಲಿಲ್ಲ. ನಡುಮುಟ್ಟದ ಕಿಂಡಿ ಬಿಡಿಸಿದ್ದರು. ತೂಕುಬೊಳಕು ವಾಪಸ್ ಬಂದು ಸರಪಳಿಯಲ್ಲಿ ಉರಿಯುತ್ತಿತ್ತು. ದೀಪದ ಕೆಳಗೆ ಎಲ್ಲರೂ ಸೇರಿ ನೆರೆ, ಅಂದರೆ ಹಬ್ಬದ ಎಲೆಗಳ ಕಟ್ಟು, ಕಟ್ಟಿದರು, ಗದ್ದೆಗೆ ಹೋದರು. ಅವರ ಗದ್ದೆಯಲ್ಲಿ ಬೆಳೆ ಇಲ್ಲದ್ದಕ್ಕೆ ಪಕ್ಕದವರು ಒಂದು ತುಂಡು ಉಳಿಸಿಕೊಟ್ಟಿದ್ದರು. ಕೋವಿ ಹಾರಿತು, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಕದಿರು ಹೊತ್ತು ಬಂದರು. ಅಡುಗೆಮನೆಯಲ್ಲಿ ತಂಬಿಟ್ಟಿಗೆ ಬಾಳೆಹಣ್ಣು ಕಿವುಚುತ್ತಿದ್ದ ಹೆಂಗಸರ ನಗು ಅಂಗಳಕ್ಕೆ ಕೇಳುತ್ತಿತ್ತು. ಮಕ್ಕಳು ಯಾರು ಯಾರ ಮಕ್ಕಳೋ, ಲೆಕ್ಕ ತಪ್ಪುವಷ್ಟಿದ್ದರು.

ಮರುದಿನ ಬೆಳಗ್ಗೆ ಕಯ್ಯಾಲೆಯಲ್ಲಿ ಸಭೆ. ನಾನು ಒಕ್ಕದವನಲ್ಲ. ಆದರೂ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ, ಏಳು ಅಂತ ಯಾರೂ ಹೇಳಲಿಲ್ಲ. ವಿಷಯ ಒಂದೇ, ಮಾಡು. ಬಲ್ಯಪ್ಪ ಆಚಾರಿಯಿಂದ ಬರೆಸಿ ತಂದ ಅಂದಾಜು ಪಟ್ಟಿ ಓದಿದರು. ಮೊತ್ತ ಕೇಳಿ ಸ್ವಲ್ಪ ಹೊತ್ತು ಎಲ್ಲರೂ ಗದ್ದೆ ನೋಡಿದರು. ಆಮೇಲೆ ಒಬ್ಬರು ಶುರು ಮಾಡಿದರು: "ಹೆಂಚೆಲ್ಲ ಎಂತಕ್ಕೆ? ಶೀಟ್ ಹಾಕಿಬಿಡುವಾ. ಹದಿನೈದು ವರ್ಷ ಚಿಂತೆ ಇಲ್ಲ." "ಶೀಟ್ ಹಾಕಿದ್ರೆ ಅದು ಐನ್‌ಮನೆಯಾ, ಕಾಫಿ ಗೋದಾಮಾ?" ಅಂತ ಹಿಂದಿನಿಂದ ಒಬ್ಬ ಅಕ್ಕ. ಕೆನಡಾದಿಂದ ವಿಡಿಯೋ ಕಾಲ್‌ನಲ್ಲಿದ್ದ ಹುಡುಗ, ಇದು ನಮ್ಮ ಹೆರಿಟೇಜ್, ಒಂದು ಹೆಂಚೂ ಬದಲಾಗಬಾರದು ಅಂತ ಉದ್ದಕ್ಕೆ ಹೇಳಿದ. ಬಲ್ಯಪ್ಪ ಫೋನ್ ತಮ್ಮ ಕಡೆ ತಿರುಗಿಸಿಕೊಂಡರು. "ಸರಿ ಮೋನೆ, ಇಳಿಸೋಕೆ ಯಾವಾಗ ಬರ್ತೀಯ?" ಎಲ್ಲರೂ ನಕ್ಕರು. ಆ ಕಡೆ ನೆಟ್‌ವರ್ಕ್ ಹೋಯಿತು, ಅಥವಾ ಹೋಯಿತು ಅಂದ.

ಮನೆಗೊಂದು ಪಾಲು ಹಾಕುವುದಾ, ಎಕರೆ ಲೆಕ್ಕದಲ್ಲಿ ಹಾಕುವುದಾ ಅಂತ ಚರ್ಚೆ ಬಿಸಿಯಾಯಿತು. ಹೆಚ್ಚು ತೋಟ ಇರುವವರು ಮನೆಗೊಂದು ಪಾಲು ಅಂದರು, ಸಂಬಳದವರು ಎಕರೆ ಲೆಕ್ಕ ಅಂದರು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲಿನ ಮಾತು ಬಂತು. "ಕೊಡ್ತೇವೆ, ಆದ್ರೆ ಮುಂದಿನ ವರ್ಷದಿಂದ ಸಭೆಯಲ್ಲಿ ಕೂರ್ತೇವೆ" ಅಂತ ಆ ಅಕ್ಕನೇ ಹೇಳಿದಾಗ ಮತ್ತೆ ಗದ್ದೆ ನೋಡುವ ಸರದಿ.

ನಾನು ಒಲೆಯ ವಿಷಯ ಗೆಳೆಯನ ಕಿವಿಯಲ್ಲಿ ಹೇಳಿದ್ದೆ. ಅವನು ಎದ್ದು ಹೇಳಿದ. ಮಾಡು ಹೊಸದು ಮಾಡಿದರೂ ಒಳಗೆ ಬೆಂಕಿ ಇಲ್ಲದಿದ್ದರೆ ಹತ್ತು ವರ್ಷಕ್ಕೆ ಮತ್ತೆ ಇದೇ ಕಥೆ, ಅಡುಗೆಮನೆ ರೀಪು ನೋಡಿ ಬನ್ನಿ ಅಂದ. ಕೆಲವರು ನಿಜವಾಗಿಯೂ ಎದ್ದು ಹೋಗಿ ಚೂರಿಯಿಂದ ಕೆರೆದು ಬಂದರು. ಹಾಗಾದರೆ ಯಾರನ್ನಾದರೂ ಇರಿಸೋಣ, ಬಾಡಿಗೆ ಬೇಡ, ದಿನಾ ಒಲೆ ಹಚ್ಚಲಿ, ಸಂಜೆ ದೀಪ ಇಡಲಿ, ಅಂತ ಮಾತು ಬಂತು. ಹೊರಗಿನವರನ್ನು ಇರಿಸಿದರೆ ನಾಳೆ ಹಕ್ಕು ಕೇಳಿದರೆ ಅಂತ ಒಬ್ಬರಿಗೆ ಭಯ. ಒಕ್ಕದವರೇ ಇರಲಿ ಅಂದರೆ, ಯಾರು? ನಿವೃತ್ತಿಯಾಗಿ ಮೈಸೂರಲ್ಲಿ ಮನೆ ಮಾಡಿದ್ದ ಸುಬೇದಾರ್ ಒಬ್ಬರು, "ನಾನು ಬರ್ತೇನೆ. ಆದ್ರೆ ಬಚ್ಚಲಿಗೆ ಗೀಸರ್ ಬೇಕು" ಅಂದರು. ಅವರ ಹೆಂಡತಿ ಅಡುಗೆಮನೆ ಬಾಗಿಲಿಂದಲೇ "ಗ್ಯಾಸೂ ಬೇಕು" ಅಂದರು. ಹೊಗೆಗೆ ಅಂತ ಜನ ಹುಡುಕಿದರೆ ಗ್ಯಾಸ್ ಕೇಳುತ್ತಾರಲ್ಲ ಅಂತ ಬಲ್ಯಪ್ಪ ತಲೆ ಕೆರೆದುಕೊಂಡರು. ಕೊನೆಗೆ ಅಡುಗೆ ಗ್ಯಾಸಿನಲ್ಲಿ, ಸ್ನಾನದ ನೀರು ಹಳೆ ಒಲೆಯಲ್ಲಿ ಅಂತ ರಾಜಿಯಾಯಿತು. ಗೀಸರ್ ಪಟ್ಟಿಯಿಂದ ಬಿತ್ತು.

50 ಕಿಲೋ ಮೂಟೆ ರೊಬಸ್ಟಾ ಚೆರಿ 2024ರಲ್ಲಿ 10,000 ರೂಪಾಯಿ ದಾಟಿದ್ದನ್ನು ಯಾರೂ ಮರೆತಿರಲಿಲ್ಲ, ಹಾಗಾಗಿ ದುಡ್ಡಿಲ್ಲ ಅಂತ ಹೇಳುವ ಹಾಗಿರಲಿಲ್ಲ. ಹಿಂದಿನ ಅರ್ಧ ಮಾಡಿಗೆ ಹೆಂಚು, ಅದೂ ಏಪ್ರಿಲ್ ಒಳಗೆ ಅಂತ ಬರೆದುಕೊಂಡರು. ಮುಂದಿನ ಅರ್ಧಕ್ಕೆ ಸದ್ಯಕ್ಕೆ ಟಾರ್ಪಾಲು. ಎಕರೆ ಲೆಕ್ಕವೋ ಮನೆ ಲೆಕ್ಕವೋ ಅನ್ನುವುದನ್ನು ಕಾಫಿ ಕೊಯ್ಲು ಮುಗಿದ ಮೇಲೆ ಮಾತಾಡುವುದು. ಟಾರ್ಪಾಲಿಗೆ ಮಾತ್ರ ಅಲ್ಲೇ ದುಡ್ಡು ಎತ್ತಿದರು. ನನ್ನ ಮುಂದೆ ತಟ್ಟೆ ಬಂದಾಗ ನಾನೂ ಹಾಕಲು ಹೋದೆ. ಬಲ್ಯಪ್ಪ ನನ್ನ ಕೈ ತಡೆದರು. "ನೀ ಹಾಕ್ಬೇಡ ಮಾರಾಯ. ಈಗಿರೋ ಪಾಲುದಾರರೇ ಜಾಸ್ತಿ."